ಅಮ್ಮನ ಜೊತೆ ಆಫ್ರಿಕಾ: ಟಿಕೆಟ್ ಹೇಗೆ ಮಾಡಿಸಲಿ?

ಶಿವಮೊಗ್ಗದ ಮಗಳು: ಅಮ್ಮನಿಗೆ 68 ವರ್ಷ. ಅವರ ಮಂಚದ ಪಕ್ಕ ವಿಕ್ಟೋರಿಯಾ ಜಲಪಾತದ ಹಳೇ ಕ್ಯಾಲೆಂಡರ್ ಚಿತ್ರ ಇದೆ. ಅಂಚೆಲ್ಲ ಹಳದಿಯಾಗಿದೆ, ತೆಗೆಯಲು ಬಿಡುವುದಿಲ್ಲ. ಆಗಸ್ಟ್‌ನಲ್ಲಿ ನನಗೆ 20 ದಿನ ರಜೆ. ಕೈರೋ, ಕೀನ್ಯಾದ ಮಸಾಯಿ ಮಾರಾ ವನ್ಯಧಾಮ, ಜಲಪಾತ, ಕೇಪ್‌ಟೌನ್ ಎಲ್ಲವೂ ಆಗುತ್ತಾ?

ಗುಬ್ಬಿ: ಕೈರೋ ಬಿಡಿ ಮೇಡಂ. ಅಲ್ಲಿಂದ ಕೇಪ್‌ಟೌನ್ 7,000 ಕಿ.ಮೀ.ಗೂ ಜಾಸ್ತಿ. ಕೀನ್ಯಾದ ನೈರೋಬಿಯಲ್ಲಿ ಇಳಿದು ಕೇಪ್‌ಟೌನ್‌ನಿಂದ ವಾಪಸ್ ಬನ್ನಿ, ಎರಡೂ ಒಂದೇ ಟಿಕೆಟ್‌ನಲ್ಲಿ ಮಾಡಿಸಿ. ಬಂದ ದಾರಿಯಲ್ಲೇ ತಿರುಗಿ ಹೋಗುವುದು ತಪ್ಪುತ್ತದೆ. ಆಗಸ್ಟ್‌ನಲ್ಲಿ ಮಾರಾದಲ್ಲಿ ವೈಲ್ಡ್‌ಬೀಸ್ಟ್ (ದೊಡ್ಡ ಜಿಂಕೆಯಂಥ ಪ್ರಾಣಿ) ಹಿಂಡು ನದಿ ದಾಟುವ ಕಾಲ. ಕೇಪ್‌ಟೌನ್‌ನಲ್ಲಿ ಚಳಿ, ಮಳೆ. ಅಲ್ಲಿಗೆ ಮೂರು ದಿನ ಸಾಕು.

ಕರಾವಳಿಯವ: ಮೊದಲು ಹಳದಿ ಜ್ವರದ ಲಸಿಕೆ ನೋಡಿ. ಹಾಕಿಸಿದ 10 ದಿನದ ನಂತರವೇ ಸರ್ಟಿಫಿಕೇಟ್‌ಗೆ ಬೆಲೆ. ಕೀನ್ಯಾದಿಂದ ವಾಪಸ್ ಬಂದಾಗ ನಮ್ಮಲ್ಲೂ ಕೇಳುತ್ತಾರೆ. 60 ದಾಟಿದವರಿಗೆ ಈ ಲಸಿಕೆಯಿಂದ ಅಪಾಯ ಸ್ವಲ್ಪ ಜಾಸ್ತಿ, ಡಾಕ್ಟರನ್ನು ಕೇಳದೆ ಟಿಕೆಟ್ ಮಾಡಿಸಬೇಡಿ. ಮಾರಾಕ್ಕೆ ಹೋಗುವ ಪುಟ್ಟ ವಿಮಾನದಲ್ಲಿ ಸಾಮಾನ್ಯವಾಗಿ 15 ಕೆ.ಜಿ. ಅಷ್ಟೇ, ಅದೂ ಮೆತ್ತಗಿನ ಬ್ಯಾಗ್. ನನ್ನ ಗಟ್ಟಿ ಸೂಟ್‌ಕೇಸ್ ನೈರೋಬಿಯಲ್ಲೇ ಉಳಿಯಿತು. ಮೂರು ದಿನ ಒಂದೇ ಅಂಗಿ.

ಶಿವಮೊಗ್ಗದ ಮಗಳು: ತುಂಬಾ ಥ್ಯಾಂಕ್ಸ್. ಸೋಮವಾರ ಡಾಕ್ಟರ ಹತ್ತಿರ ಹೋಗುತ್ತೇವೆ. ಜಲಪಾತದ ಹತ್ತಿರ ನೀರು ಮೈಮೇಲೆ ಹಾರುತ್ತದಾ ಎಂದು ಅಮ್ಮ ಕೇಳುತ್ತಿದ್ದಾರೆ.

ಗುಬ್ಬಿ: ಹಾರುತ್ತದೆ! ಅಲ್ಲಿನವರು ಅದನ್ನು 'ಗುಡುಗುವ ಹೊಗೆ' ಅಂತಲೇ ಕರೆಯುತ್ತಾರೆ. ಅಮ್ಮನಿಗೊಂದು ರೇನ್‌ಕೋಟ್ ಇಟ್ಟುಕೊಳ್ಳಿ.