ಜಾನ್ ಬ್ಯಾನರ್‌ಮನ್: 37 ಕ್ಯಾಪ್ ದೊಡ್ಡದೋ, ಅಧ್ಯಕ್ಷಗಿರಿ ದೊಡ್ಡದೋ?

ಲೈನ್‌ಔಟ್: ಸ್ಕಾಟ್ಲೆಂಡಿನ ಜಾನ್ ಬ್ಯಾನರ್‌ಮನ್ (1901–1969) ರಗ್ಬಿ ಆಡಿದರು, ಅಲ್ಲಿನ ಆಟದ ಆಡಳಿತ ಸಂಸ್ಥೆಯಾದ ರಗ್ಬಿ ಯೂನಿಯನ್ ನಡೆಸಿದರು, ಸ್ಕಾಟ್ಲೆಂಡಿನ ಗೇಲಿಕ್ ಭಾಷೆಯ ಹಾಡುಗಳನ್ನೂ ಹಾಡಿದರು. ನನ್ನ ಮತ ಆಡಳಿತಕ್ಕೆ. 37 ಕ್ಯಾಪ್, ಅಂದರೆ ದೇಶದ ಪರ 37 ಪಂದ್ಯ, ಈಗಿನವರಿಗೆ ಕೆಲವೇ ವರ್ಷದ ಮಾತು. ಆದರೆ 1951ರಿಂದ ಸತತ 17 ಪಂದ್ಯ ಸೋತಿದ್ದ ತಂಡ ವೇಲ್ಸನ್ನು 14–8ರಿಂದ ಸೋಲಿಸಿದ್ದು ಇವರು ಅಧ್ಯಕ್ಷರಾಗಿದ್ದ 1954–55ರಲ್ಲೇ.

ಹಳೇ ಸ್ಕೋರ್‌ಬುಕ್: 37ನ್ನು ಬಿಡಿಸಿ ನೋಡಿ ಸರ್. ಆಗ ವರ್ಷಕ್ಕೆ ನಾಲ್ಕೇ ಪಂದ್ಯ: ಫ್ರಾನ್ಸ್, ವೇಲ್ಸ್, ಐರ್ಲೆಂಡ್, ಇಂಗ್ಲೆಂಡ್. 1921ರಿಂದ 1929ರವರೆಗೆ ಒಂಬತ್ತು ಸೀಸನ್‌ಗೆ 36. 1927ರ ಡಿಸೆಂಬರಿನಲ್ಲಿ ನ್ಯೂ ಸೌತ್ ವೇಲ್ಸ್ ವಿರುದ್ಧ ಇನ್ನೊಂದು. ಅಲ್ಲಿಗೆ 37, ಒಂದನ್ನೂ ತಪ್ಪಿಸಿಲ್ಲ! ಬದಲಿ ಆಟಗಾರರಿಗೆ ಅವಕಾಶ ಸಿಕ್ಕಿದ್ದು 1968ರಲ್ಲಿ. ಅಲ್ಲಿಯವರೆಗೆ ಒಬ್ಬನಿಗೆ ಪೆಟ್ಟಾದರೆ ಉಳಿದ 14 ಜನರೇ ಪಂದ್ಯ ಮುಗಿಸಬೇಕು. ಈಗ ಕೊನೆಯ ಐದು ನಿಮಿಷ ಇಳಿದರೂ ಕ್ಯಾಪ್ ಸಿಗುತ್ತದೆ. ಅದೂ ಇವರು ಆಡಿದ್ದು ಎರಡನೇ ಸಾಲಿನಲ್ಲಿ, ಸ್ಕ್ರಮ್‌ನ (ಎರಡೂ ತಂಡದವರು ಗುಂಪುಗೂಡಿ ತಳ್ಳಾಡುವ ಹಂತ) ಭಾರ ಬೀಳುವ ಜಾಗದಲ್ಲಿ. ಸ್ಕಾಟ್ಲೆಂಡ್ ಪರ ಅತಿ ಹೆಚ್ಚು ಕ್ಯಾಪ್‌ಗಳ ಆ ದಾಖಲೆ ಮುರಿಯಲು ಹ್ಯೂ ಮೆಕ್ಲೌಡ್ ಬರಬೇಕಾಯಿತು, 1962ರಲ್ಲಿ.

ಡ್ರಾಪ್‌ಕಿಕ್: 1925ರ ಗ್ರ್ಯಾಂಡ್ ಸ್ಲ್ಯಾಮ್ ತಂಡದಲ್ಲೂ, ಅಂದರೆ ಆ ವರ್ಷದ ನಾಲ್ಕೂ ಪಂದ್ಯ ಗೆದ್ದ ತಂಡದಲ್ಲೂ ಬ್ಯಾನರ್‌ಮನ್ ಇದ್ದರು. ಮಾರ್ಚ್ 21, ಮರೇಫೀಲ್ಡ್ ಮೈದಾನದ ಮೊದಲ ಪಂದ್ಯ, ಇಂಗ್ಲೆಂಡ್ ವಿರುದ್ಧ 14–11. ಹಳೆಯ ಅಂಕಗಳನ್ನು ಇಂದಿನ ಕಣ್ಣಲ್ಲಿ ಓದಬೇಡಿ. ಆಗ ಚೆಂಡನ್ನು ಎದುರಾಳಿಯ ಗೆರೆಯಾಚೆ ನೆಲಕ್ಕೆ ಮುಟ್ಟಿಸುವ ಟ್ರೈಗೆ 3, ಟ್ರೈ ನಂತರ ಗೋಲಿಗೆ ಒದೆಯುವ ಕನ್ವರ್ಷನ್‌ಗೆ 2, ಆಟದ ನಡುವೆ ಚೆಂಡನ್ನು ನೆಲಕ್ಕೆ ಬಿಟ್ಟು ಒದೆಯುವ ಡ್ರಾಪ್ ಗೋಲ್‌ಗೆ 4. ಎರಡು ಟ್ರೈ, ಎರಡು ಕನ್ವರ್ಷನ್, ಹರ್ಬರ್ಟ್ ವಾಡೆಲ್ ಅವರ ಡ್ರಾಪ್ ಗೋಲ್ ಸೇರಿ 14. ಈಗಿನ ನಿಯಮದಲ್ಲಿ ಅದೇ ಆಟ 17 ಆಗುತ್ತದೆ.

ಲೈನ್‌ಔಟ್: ಕ್ಯಾಪ್ ಲೆಕ್ಕ ಒಪ್ಪಿದೆ. ವೇಲ್ಸ್ ವಿರುದ್ಧದ 1955ರ ಗೆಲುವು?

ಹಳೇ ಸ್ಕೋರ್‌ಬುಕ್: ಅದನ್ನು ಅಧ್ಯಕ್ಷರ ಖಾತೆಗೆ ಬರೆಯಲಾಗದು. ಆಗ ತಂಡಕ್ಕೆ ಕೋಚ್ ಇರಲಿಲ್ಲ, ಹದಿನೈದೂ ಜನರನ್ನು ಆರಿಸುತ್ತಿದ್ದುದು ಆಯ್ಕೆ ಸಮಿತಿ. ವೇಲ್ಸ್ ವಿರುದ್ಧ ಟ್ರೈ ಹೊಡೆದ ಆರ್ಥರ್ ಸ್ಮಿತ್ ಅವರಂಥ ಹೊಸಬರಿಗೆ ಆ ಗೆಲುವು ಸೇರಬೇಕು.

ಮೋಡ್ ಕೇಳುಗಳು: ಆಡಳಿತ ಎಂದರೆ ರಗ್ಬಿ ಮಾತ್ರ ಅಂದುಕೊಂಡಿದ್ದೀರಿ. ಗೇಲಿಕ್ ಭಾಷೆಗೆಂದು 1891ರಲ್ಲಿ ಹುಟ್ಟಿದ, ಮೋಡ್ ಎಂಬ ಹಾಡು-ಸಾಹಿತ್ಯದ ಸ್ಪರ್ಧೆಯನ್ನು ನಡೆಸುವ ಸಂಘಕ್ಕೆ ಇವರು 1949ರಿಂದ 1954ರವರೆಗೆ ಅಧ್ಯಕ್ಷರು. ರಗ್ಬಿಯಲ್ಲಿ ಒಂದು ಸೀಸನ್, ಇಲ್ಲಿ ಐದು ವರ್ಷ. 1954ರಲ್ಲಿ ಇನ್ವರ್ನೆಸ್ ಉಪಚುನಾವಣೆಯಲ್ಲಿ ಲಿಬರಲ್ ಪಕ್ಷದಿಂದ ನಿಂತು 1,331 ಮತಗಳಿಂದ ಸೋತರು. ಹಿಂದಿನ ಚುನಾವಣೆಯಲ್ಲಿ ಅಭ್ಯರ್ಥಿಯೇ ಇಲ್ಲದಿದ್ದ ಪಕ್ಷಕ್ಕೆ ಅದು ದೊಡ್ಡ ಏರಿಕೆ. ಆಡಳಿತಗಾರನನ್ನು ತೂಗುವುದಾದರೆ ಈ ಐದು ವರ್ಷಗಳಿಂದ ಶುರುಮಾಡಿ.