ಅಪ್‌ಡೇಟ್: ಮುತ್ತಜ್ಜನ ಮೂಲ ಊರು ಸಿಕ್ಕಿತು

ಹದಿನೈದು ದಿನದ ಹಿಂದೆ ಕೇಳಿದ್ದೆ: ನಮ್ಮ ಮುತ್ತಜ್ಜ ಬೆಳಗಾವಿ ಜಿಲ್ಲೆಯ ಈ ಊರಿಗೆ ಎಲ್ಲಿಂದ ಬಂದರು, ಅಣ್ಣತಮ್ಮಂದಿರು ಇದ್ದರಾ, ಹುಡುಕೋದು ಹೇಗೆ ಅಂತ. ಎಲ್ಲ ಗೊತ್ತಾಯಿತು!

ಆನ್‌ಲೈನ್ ಪಹಣಿಯಿಂದ ಪ್ರಯೋಜನ ಆಗಲಿಲ್ಲ. ಅವು ಕಂಪ್ಯೂಟರಿಗೆ ಏರಿದ್ದೇ 2000ದ ಆಸುಪಾಸು, ಅಪ್ಪನ ಹೆಸರಿಗಿಂತ ಹಿಂದೆ ಏನೂ ಇಲ್ಲ. ತಾಲೂಕು ಕಚೇರಿಯಲ್ಲಿ ಹಳೇ ಕೈಬರಹದ ವಾರಸಾ ದಾಖಲೆ ಸಿಕ್ಕಿತು. 1934ರಲ್ಲಿ ಮುತ್ತಜ್ಜ ತೀರಿಕೊಂಡ ಮೇಲೆ ಹೊಲ ಅಜ್ಜನ ಹೆಸರಿಗೆ ಆದದ್ದು. ಆಗ ಈ ಕಡೆ ಮುಂಬೈ ಪ್ರಾಂತ್ಯ ಅಲ್ವಾ, ಒಂದು ಪುಟ ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿಯಲ್ಲಿತ್ತು. ಓದಲು ಬಲ್ಲ ಹಿರಿಯರನ್ನು ಹುಡುಕುವುದಕ್ಕೇ ನಾಲ್ಕು ದಿನ ಹೋಯಿತು. ಆದರೂ ಊರಿನ ಸುಳಿವಿಲ್ಲ.

ಕೊನೆಗೆ ಫಲ ಕೊಟ್ಟಿದ್ದು "ನಿಮ್ಮ ಮನೆತನದ ಹೆಳವರನ್ನು ಕೇಳಿ" ಅನ್ನುವ ಸಲಹೆ. ಹೇಳಿದವರಿಗೆ ಕೈಮುಗಿಯುತ್ತೇನೆ. ಹಿಂದೆ ಎತ್ತಿನ ಮೇಲೆ ಬಂದು ವಂಶಾವಳಿ ಹೇಳುತ್ತಿದ್ದರಲ್ಲ, ಅವರೇ. ಅವರ ಫೋನ್ ನಂಬರ್ ದೊಡ್ಡಪ್ಪನ ಹತ್ತಿರವೇ ಇತ್ತು!

ಕಟ್ಟೆಯ ಮೇಲೆ ಕೂತು, ಕೆಂಪು ಬಟ್ಟೆ ಬಿಚ್ಚಿ, ಅಂಚು ಸವೆದ ಪುಸ್ತಕ ತೆಗೆದರು. ಆದರೆ ಪುಸ್ತಕ ನೋಡಿದ್ದೇ ಕಡಿಮೆ. ಏಳು ತಲೆಮಾರನ್ನು ರಾಗವಾಗಿ ಹೇಳುತ್ತಾ ಹೋದರು. ಮುತ್ತಜ್ಜನ ಹೆಸರು ಬಂದಾಗ ಅಪ್ಪನ ಕಣ್ಣು ತುಂಬಿತ್ತು. ಮೂಲ ಊರು ಸವದತ್ತಿ ಕಡೆ. ಬರಗಾಲದಲ್ಲಿ ಇಬ್ಬರು ಅಣ್ಣತಮ್ಮಂದಿರು ಹೊರಟು, ಒಬ್ಬರು ಇಲ್ಲಿ ನಿಂತರಂತೆ. ಇನ್ನೊಬ್ಬರ ಮೊಮ್ಮಕ್ಕಳ ಮನೆಗೂ ಇದೇ ಹೆಳವರು ಹೋಗುತ್ತಾರೆ!

ಹೆಣ್ಣುಮಕ್ಕಳ ಹೆಸರು ಮಾತ್ರ ಅದರಲ್ಲಿಲ್ಲ, ಅದು ನನಗೆ ಬಹಳ ಬೇಜಾರು. ಅದಕ್ಕೆ ಈಗ ಅತ್ತೆಯನ್ನು ಕೇಳಿ ಬರೆದುಕೊಳ್ಳುತ್ತಿದ್ದೇನೆ. ಬರುವ ಸೋಮವಾರ ಸವದತ್ತಿಗೆ ಹೊರಟಿದ್ದೇವೆ.