ಮಧ್ಯಯುಗದ ಕನಸಿನ ಕಾವ್ಯ: ಎಲ್ಲಿಂದ ಓದಲಿ?

ಪ್ರಶ್ನೆ: ಎಂ.ಎ. ಪ್ರಬಂಧಕ್ಕೆ ಯುರೋಪಿನ ಸ್ವಪ್ನಕಾವ್ಯಗಳನ್ನು (ನಿರೂಪಕ ನಿದ್ದೆಯಲ್ಲಿ ಕಂಡ ಕನಸೇ ಕಥೆಯಾಗುವ ಕಾವ್ಯಗಳನ್ನು) ಆರಿಸಿಕೊಂಡಿದ್ದೇನೆ. ಯಾವುದನ್ನು ಮೊದಲು ಓದಲಿ, ಓದುವಾಗ ಏನನ್ನು ಗುರುತು ಹಾಕಿಕೊಳ್ಳಲಿ? ಬಲ್ಲವರು ತಿಳಿಸಿ.

ಉತ್ತರ 1: 14ನೇ ಶತಮಾನದ ಇಂಗ್ಲಿಷ್ ಕವಿ ಚಾಸರ್‌ನ ‘ಪಾರ್ಲಿಮೆಂಟ್ ಆಫ್ ಫೌಲ್ಸ್’ (ಹಕ್ಕಿಗಳ ಸಭೆ) ಹಿಡಿಯಿರಿ. 699 ಸಾಲು ಅಷ್ಟೆ. ಆದರೆ ನೇರವಾಗಿ ಹಕ್ಕಿಗಳ ಸಭೆಗೆ ಹೋಗಬೇಡಿ, ತುಂಬಾ ಜನ ಎಡವುವುದು ಅಲ್ಲೇ. ಕನಸು ಬೀಳುವುದು 14ನೇ ಪದ್ಯದಲ್ಲಿ. ಅದಕ್ಕೆ ಮುಂಚೆ ನಿರೂಪಕ ದಿನವಿಡೀ ರೋಮನ್ ಲೇಖಕ ಸಿಸೆರೊ ಬರೆದ ‘ಸ್ಕಿಪಿಯೋನ ಕನಸು’ ಎಂಬ ಪುಸ್ತಕವನ್ನು ಓದುತ್ತಾನೆ. ಆ ಪುಸ್ತಕದಲ್ಲಿ ಸ್ಕಿಪಿಯೋನ ಕನಸಿಗೆ ಬರುವ ಅಜ್ಜ ಆಫ್ರಿಕಾನಸನೇ ನಿರೂಪಕನ ನಿದ್ದೆಯಲ್ಲೂ ಹಾಸಿಗೆಯ ಪಕ್ಕ ಬಂದು ನಿಲ್ಲುತ್ತಾನೆ. ಮರುಪದ್ಯದಲ್ಲೇ ಬೇಟೆಗಾರನಿಗೆ ಕಾಡಿನ ಕನಸು, ನ್ಯಾಯಾಧೀಶನಿಗೆ ವ್ಯಾಜ್ಯದ ಕನಸು, ರೋಗಿಗೆ ಕುಡಿಯುವ ಕನಸು ಅಂತ ಪಟ್ಟಿಯೇ ಇದೆ. ಬಂದದ್ದು ದೈವದ ಸಂದೇಶವೋ, ಹಗಲಿನ ಓದಿನ ಉಳಿಕೆಯೋ? ಈ ಅನುಮಾನವನ್ನು ಚಾಸರ್ ಬೇಕೆಂದೇ ಹುಟ್ಟಿಸುತ್ತಾನೆ. ಹಾಗಾಗಿ ಮೊದಲ ಗುರುತು, ಮಲಗುವ ಮುಂಚೆ ಏನಾಯಿತು ಎನ್ನುವುದಕ್ಕೆ.

ಉತ್ತರ 2: ಆ ಅನುಮಾನದ ಬೇರು ರೋಮನ್ ಸಾಮ್ರಾಜ್ಯದ ಕೊನೆಗಾಲದ ಲೇಖಕ ಮ್ಯಾಕ್ರೋಬಿಯಸ್‌ನಲ್ಲಿದೆ. ಸ್ಕಿಪಿಯೋನ ಕನಸಿಗೆ ಲ್ಯಾಟಿನ್‌ನಲ್ಲಿ ವ್ಯಾಖ್ಯಾನ ಬರೆದ ಈತ ಕನಸನ್ನು ಐದು ಬಗೆ ಮಾಡಿದ. ಒಗಟಾಗಿ ಬರುವುದು, ಮುಂದಾಗುವುದನ್ನು ಇದ್ದಹಾಗೆ ತೋರಿಸುವುದು, ಹಿರಿಯರೋ ದೇವರೋ ಬಂದು ನುಡಿಯುವುದು, ಇವು ಮೂರಕ್ಕೆ ಬೆಲೆ. ಹಗಲಿನ ಚಿಂತೆಯಿಂದ ಬೀಳುವುದು, ಅರೆನಿದ್ದೆಯಲ್ಲಿ ಸುಳಿಯುವ ಆಕಾರಗಳು, ಇವೆರಡು ಲೆಕ್ಕಕ್ಕಿಲ್ಲ. ಒಂದು ಕಾವ್ಯಕ್ಕೆ ಒಂದೇ ಬಗೆ ಅಂತ ಹಣೆಪಟ್ಟಿ ಹಚ್ಚಬೇಡಿ. ಸ್ಕಿಪಿಯೋನ ಕನಸು ಮೊದಲ ಮೂರಕ್ಕೂ ಸೇರುತ್ತದೆ ಎಂದು ಆತನೇ ಹೇಳುತ್ತಾನೆ.

ಉತ್ತರ 3: ಕನಸುಗಾರನೇ ಕವಿ ಎಂದು ಬರೆದರೆ ಪ್ರಬಂಧ ಅಲ್ಲೇ ಕುಸಿಯುತ್ತದೆ. 1368ರಲ್ಲಿ ತೀರಿಕೊಂಡ ಲಂಕಾಸ್ಟರ್‌ನ ಡಚೆಸ್ ಬ್ಲಾಂಚ್‌ಳ ನೆನಪಿಗೆ ಚಾಸರ್ ಬರೆದ ‘ಬುಕ್ ಆಫ್ ದ ಡಚೆಸ್’ ನೋಡಿ. ಚದುರಂಗದಲ್ಲಿ ವಿಧಿ ನನ್ನ ರಾಣಿಯನ್ನು ಹೊಡೆಯಿತು ಎಂದು ಕಪ್ಪುಡುಗೆಯ ಸರದಾರ ಅಳುತ್ತಾನೆ; ಒಂದು ರಾಣಿಗಾಗಿ ಇಷ್ಟೊಂದು ದುಃಖವೇ ಎನ್ನುತ್ತಾನೆ ಕನಸುಗಾರ. ನಲ್ಲೆ ಸತ್ತಳೆಂಬ ಸರದಾರನ ಹಾಡನ್ನು ಕನಸುಗಾರ ಮೊದಲೇ ಕೇಳಿಸಿಕೊಂಡಿರುತ್ತಾನೆ, ಆದರೂ ಪ್ರಶ್ನೆ ಕೇಳುತ್ತಲೇ ಹೋಗುತ್ತಾನೆ. 1334 ಸಾಲಿನ ಕಾವ್ಯದಲ್ಲಿ ‘ಅವಳು ಸತ್ತಳು’ ಎಂಬ ನೇರ ಮಾತು ಸರದಾರನ ಬಾಯಿಂದ ಹೊರಡುವುದು 1309ನೇ ಸಾಲಿನಲ್ಲಿ! ಕನಸುಗಾರ ಹೀಗೆ ಕೇಳುವುದನ್ನು ದಡ್ಡತನವೆಂದು ತಳ್ಳಿಹಾಕಬೇಡಿ. ಆ ಪ್ರಶ್ನೆಗಳಿಂದಲೇ ದುಃಖಕ್ಕೆ ಮಾತು ಬರುತ್ತದೆ.

ಉತ್ತರ 4: ಎಚ್ಚರವಾಗುವ ಜಾಗವನ್ನೂ ಗುರುತು ಹಾಕಿ. ಕವಿಯ ಹೆಸರು ತಿಳಿಯದ ‘ಪರ್ಲ್’ (ಮುತ್ತು) ಎಂಬ 14ನೇ ಶತಮಾನದ ಇಂಗ್ಲಿಷ್ ಕಾವ್ಯದಲ್ಲಿ ತೀರಿಹೋದ ಮಗು ಹೊಳೆಯ ಆಚೆ ದಡದಲ್ಲಿ ಕಾಣುತ್ತದೆ. ಕನಸುಗಾರ ದಾಟಲು ಮುನ್ನುಗ್ಗಿದ ತಕ್ಷಣ ಕನಸು ಒಡೆಯುತ್ತದೆ. ಹನ್ನೆರಡು ಸಾಲಿನ 101 ಪದ್ಯಗಳು, 20 ಗುಂಪು. ಗುಂಪಿಗೆ ಐದು ಪದ್ಯ, 15ನೆಯದಕ್ಕೆ ಮಾತ್ರ ಆರು. ಪ್ರತಿ ಗುಂಪಿನಲ್ಲಿ ಮರುಕಳಿಸುವ ಪದವನ್ನು ಬರೆದಿಟ್ಟುಕೊಂಡು ಅದರ ಅರ್ಥ ಹೇಗೆ ಜರುಗುತ್ತದೆ ನೋಡಿ.

ಪುನರುಜ್ಜೀವನ ಕಾಲಕ್ಕೆ, 1499ರಲ್ಲಿ ವೆನಿಸ್‌ನಲ್ಲಿ ಆಲ್ಡಸ್ ಎಂಬ ಮುದ್ರಕ ಅಚ್ಚುಹಾಕಿದ ‘ಹಿಪ್ನೆರೊಟೊಮಾಕಿಯಾ ಪೊಲಿಫಿಲಿ’ ಎಂಬ ಗದ್ಯಕಥೆ ಇದೆ: ಕನಸಿನೊಳಗೆ ಕನಸು. 38 ಅಧ್ಯಾಯಗಳ ಮೊದಲಕ್ಷರ ಜೋಡಿಸಿದರೆ ಕಥೆಯ ನಾಯಕಿ ಪೊಲಿಯಾಳನ್ನು ಪ್ರೀತಿಸಿದ ಫ್ರಾನ್ಸೆಸ್ಕೊ ಕೊಲೊನ್ನಾ ಎಂಬ ಸನ್ಯಾಸಿಯ ಹೆಸರು ಬರುತ್ತದೆ. ಅನುವಾದದಲ್ಲಿ ಇದು ಕಣ್ತಪ್ಪಬಹುದು, ಮೂಲದ ಪುಟಗಳನ್ನು ಪಕ್ಕದಲ್ಲಿಟ್ಟುಕೊಂಡೇ ಓದಿ.